ಕೆಂಪು ಚಂದ್ರ, ಸುತ್ತ ಚುಕ್ಕಿ

2025ರ ಸೆಪ್ಟೆಂಬರ್ 7ರ ರಾತ್ರಿ, ಚಂದ್ರಗ್ರಹಣ ನೋಡಲು ರಾಯಚೂರಿನ ನಮ್ಮ ಮಾಳಿಗೆ ಮೇಲೆ ದುರ್ಬೀನು ಹಿಡಿದು ಮಲಗಿದ್ದೆ. ಹನ್ನೊಂದಕ್ಕೆ ಚಂದ್ರ ಪೂರ್ತಿ ಕೆಂಪಾದ. ಸುಟ್ಟ ಇಟ್ಟಿಗೆಯ ಬಣ್ಣ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಸುತ್ತಲಿನ ಚುಕ್ಕಿಗಳು. ಹುಣ್ಣಿಮೆ ಬೆಳಕಲ್ಲಿ ಮುಚ್ಚಿಹೋಗಿದ್ದವು. ಚಂದ್ರ ಮಂಕಾದಂತೆ ಒಂದೊಂದೇ ಹೊರಬಂದವು. ಸಣ್ಣವು, ತೀರಾ ಸಣ್ಣವು. ಅಲ್ಲೇ ಹತ್ತಿರದಲ್ಲಿ ಶನಿ ಗ್ರಹ.

ಆ ಕೆಂಪು ನಮ್ಮ ಗಾಳಿಯದ್ದೇ ಅಲ್ವಾ? ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ, ಎಲ್ಲೆಲ್ಲಿ ಮುಳುಗುತ್ತಿದ್ದನೋ, ಅಲ್ಲಿನ ಕೆಂಪು ಬೆಳಕೆಲ್ಲ ಗಾಳಿಯಲ್ಲಿ ಹಾದು, ಬಾಗಿ ಚಂದ್ರನ ಮೇಲೆ ಬಿದ್ದಿತ್ತು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಂಥ ಪೂರ್ತಿ ಗ್ರಹಣ ನಮ್ಮೂರಲ್ಲಿ ಮೊದಲಿಂದ ಕೊನೆವರೆಗೆ ಮತ್ತೆ ಕಾಣುವುದು 2028ರ ಡಿಸೆಂಬರ್ 31ರ ರಾತ್ರಿ. ಯಾರ್ಯಾರು ಬರುತ್ತೀರಿ, ಈಗಲೇ ಹೇಳಿ.