ಕೋಡ್ ನನ್ನದು, ಹಕ್ಕು ಯಾರದು?

ಈಮ್ಯಾಕ್ಸ್ ಎಂಬ ಮುಕ್ತ ಪಠ್ಯ ಸಂಪಾದನಾ ತಂತ್ರಾಂಶಕ್ಕೆ ಹದಿನೈದು ಸಾಲಿನೊಳಗಿನ ತಿದ್ದುಪಡಿ ಕಳಿಸಿದರೆ ಕಾಗದಪತ್ರದ ರಗಳೆಯಿಲ್ಲ. ಅದಕ್ಕಿಂತ ದೊಡ್ಡದಾದರೆ ಕೃತಿಸ್ವಾಮ್ಯವನ್ನು ಅದರ ಹಿಂದಿರುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಗೆ ಬರೆದುಕೊಡಬೇಕು. ಪರವಾನಗಿ ಮುರಿದವರ ಮೇಲೆ ದಾವೆ ಹೂಡಲು ಒಬ್ಬನೇ ಒಡೆಯನಿದ್ದರೆ ಸುಲಭ ಎಂಬುದು ಅವರ ವಾದ. ಒಪ್ಪತಕ್ಕದ್ದೇ.

ಆದರೆ ಪುಣೆಯ ಹಿಂಜವಡಿಯಲ್ಲಿ ಸಂಬಳಕ್ಕೆ ದುಡಿಯುವ ನನ್ನಂಥವನ ಬಳಿ ಬರೆದುಕೊಡಲು ಹಕ್ಕಾದರೂ ಎಲ್ಲಿದೆ? ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದು ಮಾಲೀಕನದೇ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ. ಹಾಗಾಗಿ ಕಂಪನಿಯಿಂದಲೂ ಹಕ್ಕು ಬಿಟ್ಟುಕೊಟ್ಟ ಪತ್ರ ಬೇಕಾಗುತ್ತದೆ. ಕೇಳಲು ಹೋದೆ. ಬೆಳಗಾವಿ ಕಡೆಯ ಎಚ್‌ಆರ್ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, "ಯಾಕೆ ಸರ್, ನೌಕರಿ ಬಿಡುತ್ತೀರಾ?" ಎಂದರು. ಪತ್ರ ಇನ್ನೂ ಕಾನೂನು ವಿಭಾಗದಲ್ಲಿ ಕೊಳೆಯುತ್ತಿದೆ.

19ನೇ ಕಲಮನ್ನೂ ಓದಿಕೊಳ್ಳಿ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಎರಡೇ ಸಾಲಿನ ಫಾರಂ ಕಳಿಸುವ ಸಣ್ಣ ಯೋಜನೆಗಳಿಗೆ ಇದರ ಪರಿವೆಯೇ ಇರುವುದಿಲ್ಲ.

ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಯೋಜನೆ 2021ರಲ್ಲಿ, ಹಕ್ಕು ಬರೆದುಕೊಡಲೇಬೇಕೆಂಬ ಈ ಕಡ್ಡಾಯವನ್ನು ಕೈಬಿಟ್ಟಿತು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗಂತೂ ‘ಸೈನ್ಡ್-ಆಫ್-ಬೈ’ ಎಂಬ ಒಂದು ಸಾಲು ಸಾಕು. ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಆದರೂ ಆ ಸಾಲು ಹಾಕುವಾಗ, ಕಳಿಸಲು ನನಗೆ ಅಧಿಕಾರವಿದೆ ಎಂದು ಪ್ರಮಾಣೀಕರಿಸಿದಂತೆಯೇ. ಎಚ್‌ಆರ್ ಮೇಜು ಅಲ್ಲಿಯೂ ತಪ್ಪುವುದಿಲ್ಲ.