ಹೂ ನೋಡಿ ಮರುಳಾಗಬೇಡಿ, ಎಲೆ ನೋಡಿ ಗಿಡ ಆರಿಸಿ

ನರ್ಸರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೈತುಂಬ ಹೂ ಬಿಟ್ಟ ಗಿಡ. ಹೂ ಉದುರಿದ ಮೇಲೆ ವರ್ಷದ ಬಹುಪಾಲು ದಿನ ನೋಡಬೇಕಾಗಿರುವುದು ಎಲೆ, ಕಾಂಡ ಮತ್ತು ಗಿಡದ ನಿಲುವನ್ನು. ತೋಟಕ್ಕೆ ವಿಶೇಷ ಸೊಬಗು ಬರುವುದೂ ಅವುಗಳಿಂದಲೇ.

ಅದಕ್ಕೂ ಮೊದಲು ಜಾಗ ನೋಡಿ. ಗಿಡ ಇಡಬೇಕೆಂದಿರುವ ಕಡೆ ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು ಸಂಜೆ 4 ಗಂಟೆಗೆ ನೇರ ಬಿಸಿಲು ಬೀಳುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ. ಕ್ರೋಟನ್‌ಗೆ ಒಳ್ಳೆಯ ಬೆಳಕು ಸಿಗದಿದ್ದರೆ ಕೆಂಪು, ಹಳದಿಯೆಲ್ಲ ಹೋಗಿ ಹೊಸ ಎಲೆ ಬರೀ ಹಸಿರಾಗುತ್ತದೆ. ನೆರಳು ಬಯಸುವ, ಚಿತ್ತಾರದೆಲೆಯ ಕಲಾಥಿಯಾ ಅದೇ ಬಿಸಿಲಿಗೆ ಸುಟ್ಟುಹೋಗುತ್ತದೆ. ಅಂದಹಾಗೆ, ಜಾಗ ಬದಲಿಸಿದೊಡನೆ ಕ್ರೋಟನ್ ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಹೊಂದಿಕೊಂಡ ಮೇಲೆ ಚಿಗುರುತ್ತದೆ.

ಬಿಳಿ, ಹಳದಿ ಪಟ್ಟೆಯ ಎಲೆಗಳ ಗಿಡಕ್ಕೆ ಈಗ ಎಲ್ಲಿಲ್ಲದ ಬೇಡಿಕೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು, ಅಂದರೆ ಆಹಾರ ತಯಾರಿಸಲು ಬೇಕಾದ ಹಸಿರು, ಇರುವುದಿಲ್ಲ. ಹಾಗಾಗಿ ಬೆಳವಣಿಗೆ ನಿಧಾನ. ಬೆಳಕು ಹೆಚ್ಚು ಬೇಕು, ಆದರೆ ಮಧ್ಯಾಹ್ನದ ಬಿಸಿಲಿಗೆ ಮೊದಲು ಕಂದುವುದೂ ಆ ಬಿಳಿ ಭಾಗವೇ. ಅಗಲವಾದ ಸೀಳೆಲೆಯ ಮಾನ್‌ಸ್ಟೆರಾದಂಥ ಗಿಡ ಕೊಳ್ಳುವಾಗ ಒಂದು ಚಂದದ ಎಲೆ ನೋಡಿ ಒಪ್ಪಿಕೊಳ್ಳದೆ ಕಾಂಡವನ್ನು ನೋಡಿ. ಬಿಳಿ ಗೆರೆ ಕಾಂಡದುದ್ದಕ್ಕೂ ಗೆಣ್ಣು ದಾಟಿ ಸಾಗಿದ್ದರೆ ಮುಂದಿನ ಎಲೆಗೂ ಬಣ್ಣ ಬರುವ ಸಂಭವ ಹೆಚ್ಚು. ಪೂರ್ತಿ ಬಿಳಿ ಎಲೆಗಳ ಕಡ್ಡಿಯನ್ನು ಕತ್ತರಿಸಿ ನೆಟ್ಟರೆ ಆಹಾರ ತಯಾರಿಸಿಕೊಳ್ಳಲಾಗದೆ ಸಾಯುತ್ತದೆ. ಪೂರ್ತಿ ಹಸಿರು ರೆಂಬೆ ಬಂದರೆ, ಅದು ಜೋರಾಗಿ ಬೆಳೆದು ಉಳಿದದ್ದನ್ನು ಮುಚ್ಚುವ ಮೊದಲೇ, ಪಟ್ಟೆಯಿರುವ ಎಲೆಯ ಗೆಣ್ಣಿನ ಮಟ್ಟಕ್ಕೆ ಕತ್ತರಿಸಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರುವುದಿಲ್ಲ. ಅಂಚು ಉಳಿಯಬೇಕಾದರೆ ಬುಡದ ಗೆಡ್ಡೆಯನ್ನೇ ಬೇರ್ಪಡಿಸಿ ನೆಡಬೇಕು.

ಬಿಸಿಲು ಧಾರಾಳವಾಗಿದ್ದರೆ ನನ್ನ ಮೊದಲ ಆಯ್ಕೆ ಅಡೇನಿಯಂ (ಡೆಸರ್ಟ್ ರೋಸ್). ಅದರ ಉಬ್ಬಿದ ಬುಡಕ್ಕೆ ಸಾಟಿಯಿಲ್ಲ. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ ಬೆರೆಸಿ. ಕುಂಡ ಅಗಲವಾಗಿರಲಿ, ಆಳ ಬೇಡ, ತೂತುಗಳು ಮಾತ್ರ ದೊಡ್ಡದಿರಲಿ. ಕುಂಡ ಬದಲಿಸುವಾಗ ಬೇರು ಕತ್ತರಿಸಿದರೆ ಗಾಯ ಒಣಗಲು ನೆರಳಿನಲ್ಲಿ 4–5 ದಿನ ಬಿಟ್ಟು ನೆಡಿ, ನೆಟ್ಟ ಮೇಲೆ ಒಂದು ವಾರ ನೀರು ಬೇಡ. ಪ್ರತಿ ಸಲವೂ 2–3 ಸೆಂ.ಮೀ. ಮೇಲಕ್ಕೆತ್ತಿ ನೆಟ್ಟರೆ ಬುಡದ ಆಕಾರ ಹೊರಗೆ ಕಾಣುತ್ತದೆ. ಬುಡವನ್ನು ಆಗಾಗ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದು ಮಣ್ಣು ಒಣಗಿದ್ದರೆ ಬಾಯಾರಿಕೆ. ಮೆತ್ತಗಿದ್ದು ಮಣ್ಣು ಒದ್ದೆಯಿದ್ದರೆ ಬುಡ ಕೊಳೆಯುತ್ತಿದೆ. ಆಗ ಗಿಡ ಕಿತ್ತು ಕಂದು ಭಾಗವನ್ನೆಲ್ಲ ಶುದ್ಧವಾದ ತಿರುಳು ಕಾಣುವವರೆಗೆ ಕೆತ್ತಿ ತೆಗೆಯಬೇಕು. ಕಸಿ ಗಿಡವಾದರೆ ಕಸಿಯ ಕೆಳಗೆ ಬರುವ ಚಿಗುರನ್ನು ಆಗಿಂದಾಗ್ಗೆ ಚಿವುಟಿ.

ನೆರಳಿಗೆ ಗೆಡ್ಡೆಯಿಂದ ಬೆಳೆಯುವ, ಬಣ್ಣದೆಲೆಯ ಕ್ಯಾಲೇಡಿಯಂ ಸೊಗಸು. ಕೆಲವು ತಿಂಗಳ ನಂತರ ಎಲೆಯೆಲ್ಲ ಒಣಗಿದರೆ ಸತ್ತಿತೆಂದು ಎಸೆಯುವವರೇ ಹೆಚ್ಚು. ಗೆಡ್ಡೆ ಮಲಗಿದೆ ಅಷ್ಟೇ, ನೀರು ನಿಲ್ಲಿಸಿ ಬೆಚ್ಚಗಿನ ಒಣ ಜಾಗದಲ್ಲಿಡಿ. ಸ್ಟ್ಯಾಗ್‌ಹಾರ್ನ್ ಜರಿಗಿಡದ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗುವ ಗುರಾಣಿಯಂಥ ಎಲೆಗಳನ್ನು ಒಣಗಿವೆಯೆಂದು ಕೀಳಬಾರದು. ಬೇರನ್ನು ಕಾಯುವುದು, ತೇವ ಹಿಡಿಯುವುದು ಅವೇ.

ಇಂಥ ಗಿಡ ಎಷ್ಟು ಬೇಕು? ಒಂದು ನೋಟಕ್ಕೆ ಸಿಗುವಷ್ಟು ಜಾಗಕ್ಕೆ ಒಂದು. ಐದಾರು ಬಣ್ಣದೆಲೆಯ ಗಿಡಗಳನ್ನು ಒಟ್ಟಿಗಿಟ್ಟರೆ ಯಾವುದೂ ಎದ್ದು ಕಾಣದು. ಹಿಂದೆ ಸಾದಾ ಹಸಿರು ಇದ್ದರೆ ಸಾಕು.

ಕೊಳ್ಳುವ ಮುನ್ನ ಎಲೆಯ ಹಿಂಬದಿ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಇದೆಯೇ ನೋಡಿ. ತಂದ ಮೇಲೂ 2–3 ವಾರ ಬೇರೆ ಗಿಡಗಳಿಂದ ದೂರವಿಡಿ. ಮನೆಯಲ್ಲಿ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಅಡೇನಿಯಂ, ಕ್ಯಾಲೇಡಿಯಂ, ಮಚ್ಚೆಯೆಲೆಯ ಡಿಫೆನ್‌ಬಾಕಿಯಾ ಕೈಗೆಟುಕದ ಎತ್ತರದಲ್ಲಿರಲಿ. ಅಡೇನಿಯಂ ರಸ ವಿಷ, ಇನ್ನೆರಡರ ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಇವುಗಳನ್ನು ಕತ್ತರಿಸುವಾಗ ಕೈಗವಸು ಹಾಕಿ.