ಮಚಾಣದ ಲೆಕ್ಕ, ಗೆರೆಯ ಲೆಕ್ಕ

ಬುದ್ಧ ಪೂರ್ಣಿಮೆ ಹತ್ತಿರ ಬಂತೆಂದರೆ ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: ಈ ಸಲ ಯಾರಿಗೆ ಮಚಾಣ ಸಿಕ್ತು? ಮಹಾರಾಷ್ಟ್ರದ ಕಾಡುಗಳಲ್ಲಿ ಇದು ವರ್ಷಾ ವರ್ಷ ನಡೆಯುತ್ತದೆ. ಬೇಸಿಗೆಯ ಬೆಳದಿಂಗಳಲ್ಲಿ ನೀರಿನ ಹೊಂಡದ ಪಕ್ಕ ಮಚಾಣದ ಮೇಲೆ, ಅಂದರೆ ಎತ್ತರದ ಅಟ್ಟಣೆಯ ಮೇಲೆ, ರಾತ್ರಿಯಿಡೀ ಕೂತು, ನೀರು ಕುಡಿಯಲು ಬಂದ ಪ್ರಾಣಿಗಳನ್ನು ಬರೆದುಕೊಳ್ಳುವುದು. ಮಜಾ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಮರುದಿನ "ಕಡವೆ ಹೋದ ವರ್ಷಕ್ಕಿಂತ ಕಡಿಮೆ" ಅಂತ ಯಾರಾದರೂ ಗಂಭೀರವಾಗಿ ಹೇಳಿದರೆ ನನಗೆ ತಡೆಯಲಾಗುವುದಿಲ್ಲ.

ಒಂದೇ ಕಡವೆ ಎರಡು ಸಲ ಬಂದಿರಬಹುದು, ಪಕ್ಕದ ಹೊಂಡಕ್ಕೂ ಹೋಗಿರಬಹುದು. ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದು ಕಾಡಿನ ಗುಂಡಿಗಳಲ್ಲೆಲ್ಲ ನೀರು ನಿಂತರಂತೂ ಹೊಂಡದ ಕಡೆ ಯಾವುದೂ ತಲೆ ಹಾಕುವುದಿಲ್ಲ. ಲೆಕ್ಕ ಇಳಿಯುತ್ತದೆ, ಪ್ರಾಣಿಗಳು ಇದ್ದಷ್ಟೇ ಇರುತ್ತವೆ.

ಗೆರೆ ಹಿಡಿದು ನಡೆಯುವ ಸರ್ವೆ ಬೇರೆ ಥರ. ಭೀಮಾಶಂಕರದ ಕಡೆಯ ಕಾಡಿನಲ್ಲಿ ಸ್ವಯಂಸೇವಕನಾಗಿ ಹೋದಾಗ ನನಗೆ ಇದರ ರುಚಿ ಹತ್ತಿತು. ಸುಮಾರು 2 ಕಿಲೋಮೀಟರಿನ ನೇರ ಗೆರೆ, ಮೊದಲೇ ಗುರುತು ಮಾಡಿದ್ದು. ಕಾಲುದಾರಿ, ಜೀಪ್ ರಸ್ತೆ ನಡೆಯುವುದಿಲ್ಲ, ಯಾಕೆಂದರೆ ಕೆಲವು ಪ್ರಾಣಿಗಳು ರಸ್ತೆಯಿಂದ ದೂರ ಇರುತ್ತವೆ, ಇನ್ನು ಕೆಲವು ಅಂಚಿನ ಹುಲ್ಲಿಗೇ ಬರುತ್ತವೆ. ಬೆಳಕು ಹರಿಯುತ್ತಿದ್ದಂತೆ ಹೊರಟು, ಪ್ರಾಣಿ ಕಂಡ ತಕ್ಷಣ ಗುಂಪಿನಲ್ಲಿ ಎಷ್ಟಿವೆ, ಎಷ್ಟು ದೂರ, ದಿಕ್ಸೂಚಿಯಲ್ಲಿ ಯಾವ ಕೋನ ಅಂತ ಬರೆಯಬೇಕು. 60 ಮೀಟರ್ ದೂರದಲ್ಲಿ, ಗೆರೆಗೆ 30 ಡಿಗ್ರಿ ಕೋನದಲ್ಲಿ ಕಂಡರೆ ಅದು ಗೆರೆಯಿಂದ 30 ಮೀಟರ್ ಆಚೆ ಇದೆ. ಹೈಸ್ಕೂಲಿನ ಸೈನ್ ಥೀಟಾ ಕೊನೆಗೂ ಕೆಲಸಕ್ಕೆ ಬಂತು, ಅಲ್ವಾ? ಗೆರೆಯ ಹತ್ತಿರ ಇರುವವು ಜಾಸ್ತಿ ಕಾಣುತ್ತವೆ, ದೂರ ಹೋದಂತೆ ಕಡಿಮೆ. ಎಷ್ಟು ಬೇಗ ಕಡಿಮೆಯಾಗುತ್ತದೆ ಅನ್ನುವುದನ್ನು ಹಿಡಿದೇ, ನಮಗೆ ಕಾಣದೆ ಉಳಿದವು ಎಷ್ಟು ಅಂತ ಅಂದಾಜು ಮಾಡುವುದು. ಮಚಾಣದಲ್ಲಿ ಕೂತವರ ಹತ್ತಿರ ಈ ಕಾಣದವುಗಳ ಲೆಕ್ಕವೇ ಇರುವುದಿಲ್ಲ.

ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹೀಗೇ ನಡೆದು ಎಣಿಸಿದ್ದು 1992ರಲ್ಲಿ ಪ್ರಕಟವಾಯಿತು. ಅಲ್ಲಿ ಜಿಂಕೆ ಹಿಂಡು ಹಿಂಡಾಗಿ ಸಿಗುತ್ತದೆ. ಸಹ್ಯಾದ್ರಿಯ ಈ ದಟ್ಟ ಕಾಡಿನಲ್ಲಿ ಹಾಗಲ್ಲ. ಲೆಕ್ಕ ಗಟ್ಟಿಯಾಗಬೇಕಾದರೆ 60-80 ಸಲ ಪ್ರಾಣಿ ಕಾಣಬೇಕು ಅಂತಾರೆ, ಇಲ್ಲಿ ಬೆಳಗ್ಗೆ ಪೂರ್ತಿ ನಡೆದರೂ ಹಾಳೆ ಖಾಲಿ. ಕಾಡುಕುರಿ ಪೊದೆಯೊಳಗಿಂದ ಬೊಗಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹಾಗಾಗಿ ಹಿಕ್ಕೆ ನೋಡಬೇಕು. ಗೆರೆಯ ಮೇಲೆ 400 ಮೀಟರಿಗೊಂದು ಕಡೆ ನಿಂತು, 2 ಮೀಟರ್ ಅಗಲ, 20 ಮೀಟರ್ ಉದ್ದದ ಪಟ್ಟಿಯಲ್ಲಿ ತರಗೆಲೆ ಸರಿಸಿ ಹುಡುಕುವುದು. ನಮ್ಮ ಜೊತೆಗಿದ್ದ ಗಾರ್ಡ್ ಕಾಕಾ ಕಡವೆಯ ಹಿಕ್ಕೆಯೊಂದನ್ನು ಕಡ್ಡಿಯಿಂದ ಉರುಳಿಸಿ ತೋರಿಸಿದರು: ಒಂದು ತುದಿ ಚೂಪು, ಇನ್ನೊಂದು ಸ್ವಲ್ಪ ತಗ್ಗು. ಒಡೆದರೆ ಒಳಗೆ ಇನ್ನೂ ಹಸಿರು, ಹಸಿ. ಪಕ್ಕದಲ್ಲೇ ಮೊಲದ್ದು, ದುಂಡಗೆ, ಒಣ ಹುಲ್ಲಿನ ನಾರು ಎದ್ದು ಕಾಣುತ್ತಿತ್ತು. ಇದನ್ನೆಲ್ಲ ಮಳೆಗಾಲದಲ್ಲಿ ಮಾಡಕ್ಕಾಗಲ್ಲ. ಮಳೆ ತೊಳೆದುಕೊಂಡು ಹೋಗುತ್ತದೆ, ಉಳಿದದ್ದನ್ನು ಸಗಣಿ ಹುಳ ಮುಗಿಸುತ್ತದೆ.

ಅದೇ ಜಾಗದಲ್ಲಿ 15 ಮೀಟರ್ ತ್ರಿಜ್ಯದ ವೃತ್ತದೊಳಗೆ, ಅಂದರೆ ನಿಂತಲ್ಲಿಂದ ಎಲ್ಲ ಕಡೆಗೂ 15 ಮೀಟರ್, ಯಾವ ಮರ ಜಾಸ್ತಿ ಅಂತ ಬರೆಯಬೇಕು: ಅಂಜನಿ, ನೇರಳೆ, ಅಳಲೆ. ಲಂಟಾನ ಕಳೆ ಎಷ್ಟು ನುಗ್ಗಿದೆ, ಟೊಂಗೆ ಕಡಿದಿದ್ದಾರಾ, ದನದ ಸಗಣಿ ಇದೆಯಾ, ಇದಕ್ಕೂ ಬೇರೆ ಬೇರೆ ಕಾಲಂ. ನನಗೆ ಕೇಳಿದರೆ ಇಡೀ ಹಾಳೆಯಲ್ಲಿ ಬೆಲೆಬಾಳುವುದು ಇದೇ. ಕಡವೆ ಯಾಕೆ ಕಡಿಮೆ ಅಂತ ಕೇಳಿದರೆ ಉತ್ತರ ಹುಡುಕಬೇಕಾದದ್ದು ಇಲ್ಲಿ.

ಮಚಾಣ ಸಿಗದವರು ಬೇಜಾರು ಮಾಡ್ಕೋಬೇಡಿ. ಇಂಥ ಸರ್ವೆಗೆ ಕರೆದರೆ ಹೆಸರು ಕೊಡಿ. ಬೆಳಗಿನ ಜಾವ ಏಳಬೇಕು, ಮಿಂಚುವ ಬಟ್ಟೆ ಬೇಡ, ಸೆಂಟ್ ಬೇಡ, ಮಾತಂತೂ ಬೇಡವೇ ಬೇಡ. ನಮ್ಮ ಗುಂಪಿಗೆ ಕಷ್ಟವಾಗುವುದು ಆ ಕೊನೆಯದೊಂದೇ.